ಬಾವಲಿ ಕಚ್ಚಿದ ಸೀಬೆ

ತ್ಯಾಮಗೊಂಡ್ಲು ಆಸ್ಪತ್ರೆಯ ಬೆಂಚಿನಲ್ಲಿ ಬಿ.ಪಿ. ಮಾತ್ರೆಗೆ ಕಾಯುತ್ತಿದ್ದ ವನಜಾಕ್ಷಿಯ ಪಕ್ಕದಲ್ಲಿ ವಯಸ್ಸಾದ ಅಕ್ಕತಂಗಿಯರಿಬ್ಬರು ಕುಳಿತಿದ್ದರು. ಅಕ್ಕನ ಮೊಮ್ಮಗಳಿಗೆ ಎರಡು ದಿನದಿಂದ ಜ್ವರ. ಸೊಸೆ ಮಗುವನ್ನೆತ್ತಿಕೊಂಡು ಡಾಕ್ಟರ ಕೋಣೆಯೊಳಗಿದ್ದಳು. ಎದುರಿನ ಗೋಡೆಯ ಮೇಲೆ ಬಾವಲಿಯ ಚಿತ್ರವಿದ್ದ ಪೋಸ್ಟರ್. ಅಕ್ಕ ಅದರತ್ತ ಕೈ ತೋರಿಸಿದಳು.

“ಕನ್ನಡಕ ಮರ್ತ್ ಬಂದೆ. ಓದೇ ಅದನ್ನ.”

“ಬಾವಲಿ ಕಚ್ಚಿದ ಹಣ್ಣು ತಿನ್ಬಾರ್ದಂತೆ ಅಕ್ಕಾ. ಅದರ ಎಂಜಲಿಂದ ಮನುಷ್ಯರಿಗೆ ರೋಗ ಬರುತ್ತಂತೆ.”

“ಹೋದ್ ಭಾನುವಾರ ಮಗೂಗೆ ಕೊಟ್ಬಿಟ್ಟೆ ಕಣೇ. ಮರದ ಕೆಳಗೆ ಬಿದ್ದಿದ್ದ ಸೀಬೆ.”

“ಅಯ್ಯೋ! ಕಚ್ಚಿದ್ದಾ?”

“ಕಚ್ಚಿದ್ದನ್ನೇ ಆರಿಸ್ದೆ. ಅಮ್ಮ ನಮಗೆ ಹಂಗೇ ತಾನೇ ಕೊಡ್ತಿದ್ದಿದ್ದು? ಯಾವ್ದು ಸಿಹಿ ಅಂತ ಬಾವಲಿಗೆ ಗೊತ್ತು ಕಣ್ರೇ, ಅನ್ನೋಳು.”

“ಕಚ್ಚಿದ ಜಾಗ ಕುಡುಗೋಲಲ್ಲಿ ಕೆತ್ತಿ, ಸೆರಗಲ್ಲಿ ಒರೆಸಿ ಕೊಡೋಳು. ದೊಡ್ಡ ಚೂರು ಯಾವಾಗ್ಲೂ ನಿಂಗೇ.”

“ನಿಂಗಾಗ ಹಲ್ಲೇ ಇರ್ಲಿಲ್ವಲ್ಲೇ!”

ವನಜಾಕ್ಷಿಗೆ ತನ್ನ ತಾಯಿಯ ಮಡಿಲಿನ ಸೀಬೆಯ ವಾಸನೆ ಮೂಗಿಗೆ ಬಂದಂತಾಯಿತು.

“ಡಾಕ್ಟರಿಗೆ ಹೇಳ್ಬಿಡಕ್ಕಾ.”

“ಹೇಳಿದ್ರೆ ಸೊಸೆ ಇನ್ ಮೇಲೆ ಮಗೂನ ನನ್ ಹತ್ರ ಬಿಡ್ತಾಳಾ?”

“ಹೇಳ್ದೆ ಇದ್ರೆ ನಿನ್ ಗಂಟಲಲ್ಲಿ ಅನ್ನ ಇಳಿಯುತ್ತಾ?”

ಅಕ್ಕ ಮೊಣಕಾಲು ಹಿಡಿದುಕೊಂಡು ಎದ್ದಳು.

“ಬಾ, ಹೇಳ್ತೀನಿ. ಇನ್ನರ್ಧ ನಾನೇ ತಿಂದೆ ಅಂತಾನೂ ಹೇಳ್ತೀನಿ. ಏನಾದ್ರೂ ಇದ್ರೆ ಮಗೂನೂ ನನ್ನೂ ಒಂದೇ ವಾರ್ಡಿಗೆ ಹಾಕ್ಲಿ.”

ತಂಗಿ ಅವಳ ಕೈ ಹಿಡಿದಳು. ಇಬ್ಬರೂ ಪರದೆ ಸರಿಸಿ ಡಾಕ್ಟರ ಕೋಣೆಯೊಳಗೆ ಹೋದರು.