ಕಿವಿಗೆ ಕೊಟ್ಟ ಮಿಷನ್ನು

ಮಾಜಿ ಸೈನಿಕರ ಆಸ್ಪತ್ರೆ ವ್ಯಾನು ನಮ್ಮೂರಿಗೆ ಬರುವುದು ತಿಂಗಳಿಗೊಮ್ಮೆ. ಅಪ್ಪನ ಮಾತ್ರೆ ತರಲು ಹೋದವನು ಶಾಲೆಯ ಜಗಲಿಯ ಬೆಂಚಿನ ಮೇಲೆ ಕೂತು ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಮುದುಕರು. ಒಬ್ಬರು ಫಿರಂಗಿ ಹಾರಿಸಿ ಹಾರಿಸಿ ಕಿವಿ ಕಳೆದುಕೊಂಡವರು, ಇನ್ನೊಬ್ಬರು ಸೈನ್ಯದ ಲಾರಿ ಓಡಿಸಿದವರು. ಫಿರಂಗಿಯವರು ಜೇಬಿನಿಂದ ಡಬ್ಬಿ ತೆಗೆದು, ವ್ಯಾನಿನವರು ಹಿಂದೆ ಕೊಟ್ಟಿದ್ದ ಮಿಷನ್ನನ್ನು ಕಿವಿಗೆ ಸಿಕ್ಕಿಸಿಕೊಂಡರು.

“ಇನ್ನೂ ಹೊಸದರ ಹಾಗೇ ಇದೆಯಲ್ಲೋ. ಮನೇಲಿ ಹಾಕ್ಕೊಳಲ್ವಾ?” ಎಂದರು ಲಾರಿಯವರು.

“ಒಂದು ವಾರ ಹಾಕ್ಕೊಂಡೆ.”

“ಸರಿಯಾಗಿ ಕೇಳಿಸಲ್ವಾ?”

“ಚೆನ್ನಾಗೇ ಕೇಳಿಸುತ್ತೆ. ಫ್ಯಾನ್ ತಿರುಗೋದು, ಸೊಸೆ ಪಾತ್ರೆ ತೊಳೆಯೋದು, ಮೊಮ್ಮಗಳು ಫೋನಲ್ಲಿ ನಗೋದು, ಎಲ್ಲಾ.”

“ಮತ್ತೆ ನಿನ್ನದೇನು ರಗಳೆ?”

“ಇಷ್ಟು ವರ್ಷ ಮನೆಯವರೆಲ್ಲ ನನ್ನ ಹತ್ರ ಏನೇನೋ ಹೇಳ್ತಿದಾರೆ, ನನಗೇ ಕೇಳಿಸ್ತಿಲ್ಲ ಅಂದ್ಕೊಂಡಿದ್ದೆ. ಬೇಜಾರಾಗ್ಬಾರ್ದು ಅಂತ ಸುಮ್ಸುಮ್ನೆ ತಲೆ ಆಡಿಸ್ತಿದ್ದೆ.”

“ಈಗ?”

“ಯಾರೂ ಏನೂ ಹೇಳ್ತಾನೇ ಇರಲಿಲ್ಲ ಕಣೋ.”

ಲಾರಿಯವರು ಅವರ ಕಿವಿಯ ಕಡೆ ಬೆರಳು ತೋರಿಸಿದರು.

“ಹಂಗಾದ್ರೆ ಇಲ್ಲಿಗ್ಯಾಕೆ ಹಾಕ್ಕೊಂಡು ಬರ್ತೀಯ?”

“ನೀನು ಬಾಯಿ ಮುಚ್ಚಲ್ವಲ್ಲ, ಅದಕ್ಕೆ.”

ಇಬ್ಬರೂ ನಕ್ಕರು. ಅಷ್ಟರಲ್ಲಿ ನರ್ಸ್ ಲಾರಿಯವರನ್ನು ಕರೆದಳು. ಅವರು ಮಂಡಿ ಹಿಡಿದುಕೊಂಡು ಎದ್ದು, ಮೆಟ್ಟಿಲು ಹತ್ತಿ ವ್ಯಾನಿನೊಳಗೆ ಹೋದರು.

ಫಿರಂಗಿಯವರು ನನ್ನ ಕಡೆ ತಿರುಗಿದರು. ಏನು ಮಾತಾಡಬೇಕೆಂದು ನನಗೆ ತೋಚಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು, ಮಿಷನ್ನನ್ನು ಕಿವಿಯಿಂದ ತೆಗೆದು ಡಬ್ಬಿಯೊಳಗಿಟ್ಟು ಮುಚ್ಚಿದರು.