ಕೆಂಪು ಟೇಪಿನ ಕೇಬಲ್ಲು

ನಗೋರಿದ್ರೆ ಈಗ್ಲೇ ಎದ್ದು ಹೋಗ್ರಿ... ಇದು ನಮ್ಮ ಪಕ್ಕದ ಮನೆ ಬೀರಲಿಂಗಪ್ಪಂಗೇ ಆಗಿದ್ದು. ನ್ಯಾಮತೀಲಿ, ಎಂಬತ್ತಾರನೇ ಇಸವೀಲಿ.

ರೇಡಿಯೋ ರಿಪೇರಿ ಅಂಗಡಿ ಅವಂದು. ಅದೊಂದು ಗುರುವಾರ ರಾತ್ರಿ ಬೀಗ ಹಾಕ್ಕೊಂಡು ಮನೆಗೆ ಹೊರಟಾಗ ಹತ್ತೂವರೆ. ದಾರೀಲಿ ಹಾಳುಬಾವಿ, ಕಟ್ಟೆ ಕುಸಿದು ವರ್ಷವಾಗಿತ್ತು. ಹತ್ರ ಬಂದ... ಒಳಗಿಂದ ಸಪ್ಪಳ.

ಟಕ್... ಟಕ್... ಗರ್ರ್ರ್... ಟಕ್.

ಅಲ್ಲೇ ನಿಂತು ಕಿವಿಗೊಟ್ಟ. ಅದು ಕಂಪ್ಯೂಟರಿನ ಫ್ಲಾಪಿ ಡ್ರೈವಿನ ಸಪ್ಪಳ! ಡ್ರೈವು ನೋಡಿದ್ರೆ ಅಂಗಡೀಲೈತೆ, ಈಗ ತಾನೇ ಓಡಿಸಿ ಬಂದಾನೆ.

ಆ ಡ್ರೈವು ಅವಂದಲ್ಲ. ಬೀರಲಿಂಗಪ್ಪ ಒಂದೇ ಸರ್ಕ್ಯೂಟ್ ಹಲಗೆ ಮೇಲೆ ಎಲ್ಲಾ ಇರೋ ಸಣ್ಣ ಕಂಪ್ಯೂಟರು ಜೋಡಿಸಿದ್ದ, ಪರದೆಗೆ ಹಳೇ ಟೀವಿ. ಹೊರಗಿಂದ ಡ್ರೈವು ಹಚ್ಚಿ ಫ್ಲಾಪಿ ಓದಿಸಿದ್ರೇನೆ ಅದು ಶುರುವಾಗೋದು. ಚನ್ನಗಿರಿ ಗೆಳೆಯ ಮೂಕಪ್ಪ, ತಾನು ಕೆಲಸಕ್ಕಿದ್ದ ಕಾಲೇಜಿಂದ ಯಾರಿಗೂ ಹೇಳದೆ ಆ ಡ್ರೈವು ತಂದುಕೊಟ್ಟಿದ್ದ. "ಓಡಿದ ದಿನವೇ ಒಯ್ತೀನಲೇ. ಗೊತ್ತಾದ್ರೆ ನನ್ನ ನೌಕರಿ ಹೋಗ್ತೈತೆ."

ಸೋಮವಾರವೇ ಓಡ್ತು! ಡ್ರೈವಿನ ಕೇಬಲ್ಲು ಹರಿದಿತ್ತು, ಕೆಂಪು ಟೇಪು ಸುತ್ತಿದ, ಟೀವೀಲಿ ಅಕ್ಷರ ಮೂಡಿದ್ವು. ಆದ್ರೆ ಹೇಳಿದ್ರೆ ಡ್ರೈವು ಹೋಗ್ತೈತಲ್ಲ... ಇನ್ನೆರಡು ದಿನ ಇರಲಿ ಅಂತ ಆಸೆ. ಪಕ್ಕದ ಹೋಟ್ಲಿಗೆ ಮೂಕಪ್ಪನ ಫೋನು ಬಂದಾಗೆಲ್ಲ, "ಇನ್ನೂ ಓಡಿಲ್ಲ ಕಣಲೇ, ಕೇಬಲ್ಲೇ ಕೆಟ್ಟೈತೇನೋ" ಅಂದ. ಆ ಗುರುವಾರ ಮಧ್ಯಾಹ್ನಾನೂ ಅದೇ ಸುಳ್ಳು.

ಈಗ ನೋಡ್ತಾನೆ, ಬಾವಿ ಅಂಚಲ್ಲಿ ಮೂಕಪ್ಪ ಕೂತಾನೆ! ಮೈಯೆಲ್ಲ ತೊಯ್ದು ತಪ್ಪಡಿ.

"ಎಂಟರ ಬಸ್ಸಿಗೇ ಬಂದೆ ಕಣಲೇ..." ಪಿಸುಮಾತು. "ಓಡ್ತಾ?"

ಆವಾಗಲಾದ್ರೂ ಹೇಳಬೇಕಿತ್ತೋ ಬ್ಯಾಡೋ? ಹಾಳು ನಾಲಿಗೆ!

"ಇಲ್ಲ."

"ಹಂಗಾದ್ರೆ ಕೇಬಲ್ಲೇ. ಹೊಸಾದು ತಂದೀನಿ... ನೀ ಮನೆಗೆ ಹೋಗಿ ಮಲಕ್ಕೋ. ನಾ ಹಾಕ್ತೀನಿ."

ಬುಳುಕ್ ಅಂತು ನೀರು. ಅಂಚು ಖಾಲಿ. ಬೀರಲಿಂಗಪ್ಪ ಬಿದ್ದೂ ಎದ್ದೂ ಮನೆ ಸೇರಿದ.

ಬೆಳಿಗ್ಗೆ ಬಾವಿಯಿಂದ ಮೂಕಪ್ಪನ ಹೆಣ ಮೇಲೆತ್ತಿದ್ರು. ಬಸ್ಸಿಳಿದು ಬರೋವಾಗ ಕತ್ತಲಲ್ಲಿ ಕಾಲು ಜಾರೈತೆ. ಕೈಗಡಿಯಾರ ಎಂಟೂ ಹತ್ತಕ್ಕೇ ನಿಂತಿತ್ತು.

"ಓಡಿತ್ತೋ ಮೂಕಪ್ಪಾ! ಸೋಮವಾರವೇ ಓಡಿತ್ತೋ!" ಬೀರಲಿಂಗಪ್ಪ ನೆಲಕ್ಕೆ ಬಿದ್ದು ಹೊರಳಾಡಿದ. "ನಿಜ ಹೇಳಿದ್ರೆ ನೀ ಆವತ್ತೇ ಒಯ್ದಿರ್ತಿದ್ದೆ, ನಿನ್ನೆ ಕತ್ತಲಲ್ಲಿ ಈ ದಾರಿಗೇ ಬರ್ತಿರಲಿಲ್ಲ... ನಾನೇ ಕೊಂದೆ!"

ಹೆಣದ ಮುಷ್ಟಿ ಬಿಡಿಸಿದ್ರು. ಒಳಗೆ ಕೇಬಲ್ಲು. ಹಳೇದು, ಕೆಂಪು ಟೇಪು ಸುತ್ತಿದ್ದು.

ಅಂಗಡಿಗೆ ಓಡಿದ್ವಿ. ಬೀಗ ಹಾಕಿದ್ದು ಹಾಕಿದಂಗೇ ಇತ್ತು ಕಣ್ರಿ, ನನ್ನ ಕಣ್ಣೆದುರೇ ತೆಗೆದ. ಡ್ರೈವಿಗೆ ಹೊಸಾ ಕೇಬಲ್ಲು ಹಾಕಿತ್ತು. ನಾನೇ ಮುಟ್ಟಿ ನೋಡೀನಿ... ಒದ್ದೆ ಇತ್ತು.