ಮಡುವಿಗೆ ಮುಳ್ಳು ಹಾಕಿದ್ದು

ಥೂ, ಆ ನಾತ ಇವತ್ತಿಗೂ ನನ್ನ ಮೂಗಿನಾಗೇ ಐತೆ ನೋಡ್ರಪ್ಪ, ಅದಕ್ಕೇ ಮೀನು ತಂದ್ರೆ ಮದ್ಲು ಮೂಸಿ ನೋಡ್ತೀನಿ. ನೀವು ನಗ್ತೀರಿ. ನಗ್ರಿ. ನಾನು ಮದುವೆಯಾಗಿ ಹರಿಹರಕ್ಕೆ ಬಂದ ಹೊಸ್ತು, ನಿಮ್ಮಪ್ಪ ಇನ್ನೂ ಹುಟ್ಟಿರಲಿಲ್ಲ, ದಾವಣಗೆರೆ ಕಡೆ ನಾಲೆ ಕಡೀತಿದ್ದ ಕಾಲ. ನಮ್ಮದು ಹೊಳೆದಂಡಿ ಮನೆ. ಬಲೆಗೆ ಮೀನು ಬಿದ್ರೆ ಊಟ, ಇಲ್ಲಾಂದ್ರೆ ಜ್ವಾಳದ ಗಂಜಿ, ಅದರಾಗೂ ನೀರೇ ಜಾಸ್ತಿ. ಬೇಸಿಗೆಗೆ ಹೊಳೆ ಬತ್ತಿ ಬರೀ ಮರಳು, ಮಡು ಒಂದೇ ಉಳೀತಿತ್ತು. ಮಡು ಅಂದ್ರೆ ಗೊತ್ತಲ್ಲ, ಹೊಳೆಯೊಳಗಿನ ಆಳದ ಗುಂಡಿ, ಎಂಥ ಬಿಸಿಲಿಗೂ ಅಲ್ಲಿ ನೀರು ನಿಂತಿರ್ತದೆ. ದೊಡ್ಡ ಮೀನೆಲ್ಲ ಅದರಾಗೇ ಹೊಕ್ಕೊಂಡು ಜೀವ ಹಿಡ್ಕೊಂಡಿರ್ತಿದ್ವು, ಮುಂಗಾರಿನ ಕೆಂಪು ನೀರು ಬಂತು ಅಂದ್ರೆ ಹೊರಗೆ ಹೋಗಿ ತತ್ತಿ ಇಡ್ತಿದ್ವು. ನಾವು ಕುಡಿಯೋ ನೀರೂ ಅದೇ. ಅದಕ್ಕೇ ಶಿವರಾತ್ರಿ ಆದ ಮ್ಯಾಲೆ, ಅಲ್ಲಲ್ಲ, ಯುಗಾದಿ ಆದ ಮ್ಯಾಲೆ, ಕೆಂಪು ನೀರು ಬರೋತನಕ ಮಡುವಿಗೆ ಬಲೆ ಹಾಕಲ್ಲ ಅಂತ ಗಂಗಮ್ಮನಿಗೆ ಕಾಯಿ ಒಡೆದು ಮಾತು ಕೊಡ್ತಿದ್ವಿ. ಹಸಿದ್ರೂ ಹಾಕ್ತಿರಲಿಲ್ಲ.

ನಿಮ್ಮ ದೊಡ್ಡ ತಾತ, ಅಂದ್ರೆ ನಮ್ಮ ಬಾವ, ನಾಲೆ ಕೆಲಸಕ್ಕೆ ಹೋಗ್ತಿದ್ದ. ಒಂದಿನ ಬಂಡೆ ಸಿಡಿಸೋ ಮದ್ದನ್ನ ಪಂಚೆಯಾಗೆ ಕಟ್ಟಿಕೊಂಡು ಬಂದ. ನಮ್ಮತ್ತೆ ಕೇಳಿದ್ಲು, "ಏನಲೇ ಅದು?" "ಬಲೆ ಹಾಕಲ್ಲ ಅಂತ ತಾನೇ ಗಂಗಮ್ಮನಿಗೆ ಮಾತು ಕೊಟ್ಟಿದ್ದು? ಇದೇನು ಬಲೆನಾ?" ಅಂದ ಆ ಬುದ್ಧಿವಂತ! ಅತ್ತೆ ಓಡಿ ಹೋಗೋದರೊಳಗೆ ಮದ್ದಿಗೆ ಬೆಂಕಿ ಹಚ್ಚಿ ಮಡುವಿಗೆ ಎಸೆದಿದ್ದ, ಧಡ್ ಅಂತು. ಗೆಂಡೆ, ಬಾಳೆಮೀನು ಎಲ್ಲ ಹೊಟ್ಟೆ ಮ್ಯಾಲೆ ಮಾಡಿ ತೇಲಿದ್ವು. ಅರ್ಧ ತೇಲಿದ್ವು, ಅರ್ಧ ತಳಕ್ಕೆ ಹೋದ್ವು. ಬಾವ ಬುಟ್ಟಿ ತುಂಬಿಕೊಂಡು ದಾವಣಗೆರೆ ಸಂತೆಗೆ ಹೋದ, ಆ ಬಿಸಿಲಿಗೆ ಹೋಗೋದರೊಳಗೆ ಎಲ್ಲ ಕೊಳೆತು ನಾರಿ ನೊಣ ಮುತ್ತಿದ್ವು, ಯಾರು ಮುಟ್ತಾರೆ? ಮನೇಲಿ ಅತ್ತೆ ಒಂದು ಗೆಂಡೆ ಸೀಳಿದ್ಲು, ಹೊಟ್ಟೆ ತುಂಬ ತತ್ತಿ. ಬಾವ ಸಂತೆಯಿಂದ ಬಂದ ಕೂಡ್ಲೇ ಅದನ್ನ ಅವನ ಮುಂದೆ ಹಿಡಿದು, "ಬರೋ ವರ್ಷ ಏನ್ ತಿಂತೀಯಲೇ, ಮರಳಾ?" ಅಂದ್ಲು. ತಳಕ್ಕೆ ಹೋಗಿದ್ವಲ್ಲ, ಅವು ಅಲ್ಲೇ ಕೊಳೆತು ಉಬ್ಬಿ ಒಂದೊಂದಾಗಿ ಮ್ಯಾಲೆ ಬಂದ್ವು. ನೀರಿನ ಮ್ಯಾಲೆ ಎಣ್ಣೆ ಜಿಡ್ಡು, ಅದರ ಮ್ಯಾಲೆ ನೊಣ. ದನ ಕೂಡ ಮೂತಿ ತಿರುಗಿಸ್ತಿದ್ವು. ನಾವು ಬಟ್ಟೆಯಾಗೆ ಸೋಸಿ, ಮೂಗು ಮುಚ್ಚಿಕೊಂಡು ಕುಡಿದ್ವಿ. ವಾಂತಿ ಬರ್ತಿತ್ತು, ಬಾಯಾರಿಕೆ ಬಿಡ್ತದೇನು?

ಮರುವರ್ಷ ಬಲೆ ಎಳೆದ್ರೆ ಬರೀ ಪಾಚಿ. ಗಂಜಿ ಕುಡಿದೂ ಕುಡಿದೂ ನಿಮ್ಮ ತಾತನ ಕಾಲು ಊದಿಕೊಂಡ್ವು. ಆವಾಗ ಅತ್ತೆ ಕೇರಿಯ ಹೆಂಗಸರನ್ನೆಲ್ಲ ಕೂಡಿಸಿ, "ಜಾಲಿ ಮುಳ್ಳು ಕಡಕೊಂಡು ಬರ್ರಿ, ಮಡುವಿಗೆ ಹಾಕೋಣ" ಅಂದ್ಲು. ಯಾಕ ಅಂದ್ರೆ ಮುಳ್ಳಿರೋ ಕಡೆ ಬಲೆ ಎಳೆಯಾಕಾಗಲ್ಲ, ಮರಿಗಳು ಅದರ ಸಂದಿಯಾಗೆ ಅಡಗಿಕೊಂಡು ಬೆಳೀತಾವೆ. ಬಾವ ಕೂಗಾಡಿದ, "ನಮ್ಮ ಬಲೆ ಹರಿದ್ರೆ?" "ಹರೀಲಿ. ನಿನ್ನ ಕೈ ಮುರಿದಿದ್ರೆ ಇನ್ನೂ ಚಲೋ ಇತ್ತು" ಅಂದ್ಲು ಅತ್ತೆ. ಮ್ಯಾಲಿನ ಮಡುವಿನವರ ಕಾಲಿಗೆ ಬಿದ್ದು ಜೀವಂತ ಗೆಂಡೆ ಇಸಕೊಂಡು, ಕೊಡದಾಗೆ ಹೊತ್ತು ತಂದ್ವಿ. ದಾರಿಯಾಗೆ ಎಷ್ಟೋ ಸತ್ತು ಹೋದ್ವು, ಮತ್ತೆ ಅದೇ ನಾತ, ತಲೆ ಮ್ಯಾಲೇ. ಉಳಿದವನ್ನ ಮುಳ್ಳು ಹಾಕಿದ ನಮ್ಮ ಮಡುವಿಗೆ ಬಿಟ್ವಿ.

ಮಳೆ ಬಂತು, ಹೋಯ್ತು. ಮತ್ತೊಂದು ಮಳೆಗಾಲ ಕಳೆದ ಮ್ಯಾಲೆ ಮುಳ್ಳಿನ ಸಂದಿಯಾಗೆ ಮರಿ ಮಿಂಚಿದ್ವು. ಅವನ್ನ ನೋಡಿ ಬಲೆ ತಗೊಂಡು ಮದ್ಲು ಬಂದವನು ಯಾರು ಹೇಳ್ರಿ? ಅವನೇ! ನಾಚಿಕೆಗೆಟ್ಟೋನು. ಬೀಸಿದ, ಮುಳ್ಳಿಗೆ ಸಿಕ್ಕಿಕೊಂಡ್ತು. ದಂಡೆ ಮ್ಯಾಲೆ ಅತ್ತೆ ಎಲಡಿಕೆ ಹಾಕ್ಕೊಂಡು ಕೂತು, "ಎಳಿಯೋ ಮಗನೇ, ಇನ್ನೂ ಜೋರಾಗಿ ಎಳಿ" ಅಂತಿದ್ಲು. ಚಿಂದಿ ಹಿಡ್ಕೊಂಡು ಮನೆಗೆ ಬಂದ. ಅವನ ಬಲೆ ಮನೆಯಾಗೆ ಯಾರೂ ಹೊಲಿದು ಕೊಡಲಿಲ್ಲ, ನಾನೂ ಕೊಡಲಿಲ್ಲ.

ನೋಡ್ರಪ್ಪ, ಹೊಟ್ಟೆಗಿಲ್ಲ ಅಂತ ಬಿತ್ತೋ ಜ್ವಾಳ ಯಾರಾದ್ರೂ ಬೀಸಿ ತಿಂತಾರೇನು? ಹೊಳೆಯಾಗೂ ಬೀಜ ಇರ್ತದೆ. ಅದನ್ನ ಮುಟ್ಟಬ್ಯಾಡ್ರಿ, ಅಷ್ಟೇ. ಏಳ್ರಿ, ಉಣ್ಣಾಕೆ ನಡೀರಿ.